ಎರಡು ಮನೆ ಬೀಗರು

ಲಾರೆನ್ಸ್‌ವಿಲ್, ಆಗಸ್ಟ್ 2021

ಅಪ್ಪನಿಗೆ ನಮಸ್ಕಾರ.

ಅಂಗಡಿಯಲ್ಲಿ ಒಬ್ಬ ಕೊರೊನಾ ಸಿಟ್ಟಿಗೆ ನಮ್ಮ ಅತ್ತೆಯನ್ನು ಚೀನಾದವರೆಂದುಕೊಂಡು ಅವರ ಮೇಲೆ ಉಗುಳಿ, ಚೀನಾಕ್ಕೆ ತೊಲಗು ಎಂದು ಕೂಗಿದ್ದನ್ನು ಹೇಳಿದಾಗ ನೀವು, "ಐ ಆಮ್ ಕೊರಿಯನ್ ಅಂದಿದ್ರೆ ಮುಗೀತಿತ್ತಲ್ಲ ಕಣೆ" ಎಂದಿರಿ. ನನ್ನ ಗಂಡನೂ ಅದನ್ನೇ ಹೇಳಿದ. ಅತ್ತೆ ಒಪ್ಪಲಿಲ್ಲ.

"ಹಾಗಂದ್ರೆ ಪಕ್ಕದ್ಮನೆ ಲಿನ್ ಮೇಲೆ ಉಗುಳಬಹುದು ಅಂತ ನಾನೇ ಹೇಳಿದ ಹಾಗಾಯ್ತು. ಅವಳು ಚೀನಾದವಳು, ನಿಜ. ಆದರೆ ಕೊರಿಯಾದಲ್ಲಿರೋ ನಮ್ಮಜ್ಜನ ಸಮಾಧಿ ಕಲ್ಲಿನ ಮೇಲಿರೋದು ಅವಳ ಚೀನೀ ಲಿಪಿ. ಸುಗ್ಗಿ ಹುಣ್ಣಿಮೆ ಇಬ್ಬರಿಗೂ ಹಬ್ಬ, ಇಬ್ಬರೂ ಹಿರಿಯರಿಗೆ ಎಡೆ ಇಡ್ತೀವಿ. ಅವಳನ್ನ ಮುಂದೆ ತಳ್ಳಿ ನಾನು ಬಚಾವಾಗಲ್ಲ" ಎಂದರು.

ಮರುದಿನ ಲಿನ್ ಆಂಟಿಯ ಕೈ ಹಿಡಿದುಕೊಂಡು ಅದೇ ಅಂಗಡಿಯೊಳಗೆ ನಡೆದರು. ಡ್ರೈವ್ ಮಾಡಿದವಳು ನಾನು. ಜನ ತಿರುಗಿ ನೋಡುತ್ತಿದ್ದರೂ ಅವರಿಬ್ಬರು ನಗುನಗುತ್ತಾ, ಒಂದಿಷ್ಟೂ ಅವಸರವಿಲ್ಲದೆ ಮೂಲಂಗಿ ಆರಿಸಿದರು.

ಆದ್ದರಿಂದ ಅತ್ತೆಗೆಂದು ನೀವು ಮಾಡಿಸಿರುವ ಕೊರಿಯನ್ ಬಾವುಟದ ಬ್ಯಾಡ್ಜ್ ಕಳಿಸಬೇಡಿ. ಹುಣ್ಣಿಮೆಯ ಊಟ ಎರಡೂ ಮನೆಯವರಿಗೆ ನಮ್ಮಲ್ಲೇ. ಅಮ್ಮನ ಜೊತೆ ರಾಕ್‌ವಿಲ್‌ನಿಂದ ಬನ್ನಿ. ಬರುವಾಗ ಹಣ್ಣಿನ ಬುಟ್ಟಿ ಎರಡಿರಲಿ. ಇನ್ನು ಮೇಲೆ ಇಲ್ಲಿ ನಿಮಗೆ ಎರಡು ಮನೆ ಬೀಗರು.

ನಿಮ್ಮ ಮಗಳು,
ಸುರಭಿ