ಹೊನ್ನೆಕೋಡಿ ದಕ್ಕೆಯಲ್ಲಿ ಹಡಗಿನ ಹಗ್ಗ ಹಿಡಿಯಲಿರುವವರಿಗೆ

ಹೊನ್ನೆಕೋಡಿ ಬಂದರು, ೨೧೭೮ರ ಜನವರಿ ೯

ನಮ್ಮ ಕಡಲತೀರವನ್ನು ನಮ್ಮಿಂದ ಕಿತ್ತುಕೊಂಡಿದ್ದಾರೆ. ಕಿತ್ತುಕೊಂಡವರ ಹಡಗನ್ನು ದಡಕ್ಕೆ ಕಟ್ಟಿಕೊಟ್ಟವರು ನೀವು.

ನೂರೈವತ್ತು ವರ್ಷ ಆಚೆಯಿಂದ ಬರೆಯುತ್ತಿದ್ದೇನೆ. ಕೆಲವು ಪದ ವಿಚಿತ್ರವೆನಿಸಿದರೆ ಕ್ಷಮಿಸಿ. ಸಿಟ್ಟಿಗೆ ಕ್ಷಮೆ ಕೇಳುವುದಿಲ್ಲ.

ನೀವು ವಿಹಾರ ನೌಕೆ ಎನ್ನುವುದನ್ನು ನಾವು ತೇಲೂರು ಎನ್ನುತ್ತೇವೆ. ಊಟ, ಅಂಗಡಿ, ಆಸ್ಪತ್ರೆ ಎಲ್ಲ ಅದರಲ್ಲೇ ಇರುತ್ತದೆ. ಇಳಿದವರು ನೇರ ಬೇಲಿಸಂತೆಗೆ ಹೋಗುತ್ತಾರೆ. ನಾವು ಮೀನು ಒಣಗಿಸುತ್ತಿದ್ದ ಮರಳಿನ ಮೇಲೆ ಹಡಗಿನ ಕಂಪನಿಯೇ ಕಟ್ಟಿಕೊಂಡ ಪೇಟೆ ಅದು. ನನ್ನ ಅವ್ವ ಶೇವಂತಿ ಅಲ್ಲಿ ಮೀನುಗಾರ್ತಿಯ ವೇಷ ಹಾಕಿ ನಿಲ್ಲುತ್ತಾಳೆ. ಬುಟ್ಟಿಯಲ್ಲಿರುವುದು ರಬ್ಬರಿನ ಮೀನು. “ಚಲೋ ಬಂಗ್ಡೆ ಮಗಾ, ಮುಳ್ಳಿಲ್ಲ, ನಾತ ಇಲ್ಲ. ಹೊಟ್ಟೆ ತುಂಬೂದಿಲ್ಲ, ಅಷ್ಟೆಯ” ಎಂದು ನಗುತ್ತಾಳೆ. ನನಗೆ ನಗು ಬರುವುದಿಲ್ಲ. ಸಿಹಿನೀರೆಲ್ಲ ತೇಲೂರಿನ ಈಜುಕೊಳಕ್ಕೆ ಹೋಗಿ ನಮ್ಮ ಬಾವಿಗಳು ಉಪ್ಪಾಗಿವೆ.

ತಪ್ಪು ಎಲ್ಲಾಯಿತೆಂದು ಗೊತ್ತಿದೆ. ಊರೆಲ್ಲ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯಲ್ಲಿ, ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಎಳೆಯುವ ಮೊದಲೇ ಪಾಲು ಕೇಳುವುದು ನಾಚಿಕೆಗೇಡು. ಮೊದಲ ತೇಲೂರು ಹಗ್ಗ ಎಸೆದಾಗಲೂ ನೀವು ಹಾಗೇ ನಡೆದುಕೊಂಡಿರಿ. ನಿಮಗಿನ್ನೂ ಬಾರದ ಆ ದಿನದ ವಿಡಿಯೊ ನಮ್ಮಲ್ಲಿದೆ. ಅದರಲ್ಲಿ ಯಾರೋ ಕೇಳುತ್ತಾರೆ, “ಮಾತಾಡ್ದೇ ಕೈ ಹಾಕೂದಾ, ಬೊಮ್ಮಣ್ಣ?” ನನ್ನ ವಂಶದ ಹಿರಿಯ ಬೊಮ್ಮಯ್ಯ ಹರಿಕಂತ್ರ ಆಗಲೇ ಹಗ್ಗ ಹಿಡಿದಿದ್ದಾನೆ. “ಎಳಿಯೋ ಮಾರಾಯಾ. ಪಾಲು ಎಲ್ಲಿಗೆ ಹೋಗ್ತದೆ?”

ಪಾಲು ಬರಲೇ ಇಲ್ಲ. ಹಗ್ಗ ಹಿಡಿದವರಿಗೆ ಪಾಲುಂಟೆಂದು ಕಂಪನಿಗೆ ಗೊತ್ತಿರಲಿಲ್ಲ. ನೀವು ಹೇಳಲಿಲ್ಲ.

ಈಗ ಇಲ್ಲಿ ಹಗ್ಗ ಕಟ್ಟುವುದು ಯಂತ್ರ. ನಾವು ಕೈಕಟ್ಟಿ ನಿಂತರೂ ಹಡಗು ದಡ ಸೇರುತ್ತದೆ. ನಿಮ್ಮ ಕಾಲದಲ್ಲಿ ಅದಕ್ಕೆ ನಿಮ್ಮ ಕೈ ಬೇಕು. ಆದ್ದರಿಂದ ಹಗ್ಗ ಹಿಡಿಯುವ ಮೊದಲೇ ಪಾಲು ಕೇಳಿ. ಹಡಗಿನ ಅಡುಗೆಗೆ ಮೀನು, ತರಕಾರಿ ನಮ್ಮೂರಿನದೇ ಆಗಬೇಕು. ಇಳಿದವರು ನಮ್ಮ ಪೇಟೆಯಲ್ಲಿ ನಡೆದು ಹೋಗಲಿ. ಬೇಸಿಗೆಯಲ್ಲಿ ಹಡಗಿಗೆ ಒಂದು ಕೊಡ ನೀರೂ ಇಲ್ಲ. ಮೀನೊಣಗಿಸುವ ಮರಳನ್ನು ಯಾವ ಬೆಲೆಗೂ ಬಿಡಬೇಡಿ. ಇಷ್ಟನ್ನೂ ಬರೆದುಕೊಡುವ ತನಕ ಹಗ್ಗ ನೀರಿನಲ್ಲೇ ಬಿದ್ದಿರಲಿ. ಬಾಯಿಬಿಟ್ಟು ಕೇಳಲು ನಾಚಿಕೆಯಾದೀತು. ಆ ರಬ್ಬರ್ ಮೀನು ಹೊರುವ ನಾಚಿಕೆ ಅದಕ್ಕಿಂತ ದೊಡ್ಡದು.

ಆ ಮೊದಲ ಹಡಗು ನಿಮ್ಮಲ್ಲಿಗೆ ಬರುವುದು ಈ ಸೋಮವಾರ. ಅದಕ್ಕೆ ಮೊದಲು ಊರು ಒಂದೇ ಮಾತಿಗೆ ಬರಬೇಕು. ಮೀನು ಮಾರುವ ಹೆಂಗಸರನ್ನು ಮುಂದೆ ಕೂರಿಸಿ. ಭಾನುವಾರ ಸಂಜೆ ಐದು ಗಂಟೆಗೆ, ಹಳೇ ದಕ್ಕೆಯಲ್ಲಿ ಸೇರಿ.