ಚೆನ್ನಾಗಿವ್ನಿ ಸಾ

ಬದನವಾಳು
8-2-1999

ಚಿರಂಜೀವಿ ತಮ್ಮ ಜಗನ್‌ಗೆ ನಿನ್ನ ಅಕ್ಕ ಇಂದ್ರಾಣಿಯ ಆಶೀರ್ವಾದಗಳು.

ಹೇಗಿದ್ದೀಯ ಕಣೋ? ಜಮ್ಮುವಿನಲ್ಲಿ ಚಳಿ ಜಾಸ್ತಿ ಅಂತ ರೇಡಿಯೋದಲ್ಲಿ ಹೇಳಿದಾಗೆಲ್ಲ ಅವ್ವ ರಾಟೆ ನಿಲ್ಲಿಸಿ, ‘ನನ್ ಕೂಸು ಕಿವಿಗೆ ಬಟ್ಟೆ ಕಟ್ಕಂಡದೋ ಇಲ್ವೋ’ ಅಂತ ನನ್ನ ಮುಖ ನೋಡ್ತಾಳೆ. ಕೆಮ್ಮು ಹೋಯ್ತಾ? ಹೋಗಿಲ್ಲದಿದ್ರೆ ಹೋಗಿಲ್ಲ ಅಂತಲೇ ಬರಿ, ನಿನ್ನ ಮಿಲಿಟರಿ ಜಂಬ ನನ್ನ ಹತ್ರ ಬೇಡ. ‘ಇಲ್ಲಿ ನಾವೆಲ್ಲರೂ ಕ್ಷೇಮ’ ಅನ್ನೋ ಸಾಲು ಈ ಸಲ ಯಾಕಿಲ್ಲ ಅಂತ ಹುಡುಕಬೇಡ. ಮರೆತಿದ್ದಲ್ಲ. ಆ ಮಾತು ಕೇಳಿದ್ರೆ ಈಗ ನಂಗೆ ಮೈಯೆಲ್ಲ ಉರಿಯುತ್ತೆ.

ಹೋದ ಗುರುವಾರ ನರಸೀಪುರದ ಕೋರ್ಟಿನಲ್ಲಿ ಅಪ್ಪನ ಹೇಳಿಕೆ ಇತ್ತು. ಕಾರು ಗುದ್ದಿದಾಗ ನೀನು ರಜೆ ಮೇಲೆ ಇಲ್ಲೇ ಇದ್ದೋನು, ಎಲ್ಲ ನಿನಗೆ ಗೊತ್ತು. ಅತ್ತೆ ಮನೆಯಿಂದ ಬರೋಕೆ ಬಸ್ಸಿಗೆ ಕಾಯ್ತಾ ಮರದ ಕೆಳಗೆ ನಿಂತ ಮನುಷ್ಯನ ಮೇಲೆ ಆ ಪುಣ್ಯಾತ್ಮ ಕಾರು ಹತ್ತಿಸಿದ. ಭುಜದ ಮೂಳೆ ಕೂಡಿಕೊಂಡ್ತು, ಒಳಗಿನ ನರ ಮಾತ್ರ ಹೋಯ್ತು ಅಂದ್ರಲ್ಲ ಡಾಕ್ಟರು, ಆಮೇಲೂ ಏನೂ ಬದಲಾಗಿಲ್ಲ. ಬಲಗೈ ನೋಡೋಕೆ ನೆಟ್ಟಗಿದೆ, ಅದೇ ನಮ್ಮ ಕರ್ಮ. ಕೈ ಹೋಗಿದ್ರೆ ಕುರುಡನಿಗೂ ಕಾಣ್ತಿತ್ತು. ಬೆರಳು ಮಡಚಲ್ಲ ಅನ್ನೋದು ಅನ್ನ ತಿನ್ನಿಸೋರಿಗೆ ಮಾತ್ರ ಗೊತ್ತು. ಖಾದಿ ಕೇಂದ್ರದಲ್ಲಿ ಅಪ್ಪ ಮತ್ತೆ ಮಗ್ಗಕ್ಕೆ ಕೂರೋ ಹಾಗಿಲ್ಲ, ಅವ್ವನ ನೂಲು ಮತ್ತು ನನ್ನ ಅಂಗನವಾಡಿ ಸಂಬಳದಲ್ಲೇ ಮನೆ ನಡೀಬೇಕು. ಪರಿಹಾರ ಸಿಗದೇ ಹೋದ್ರೆ ಮುಂದೇನು ಅನ್ನೋದನ್ನ ನಾನು ಯೋಚನೆ ಮಾಡೋದೇ ಬಿಟ್ಟಿದ್ದೀನಿ.

ನಮ್ಮ ಲಾಯರು ಪುಟ್ಟಬಸವಯ್ಯನವರು ಒಳ್ಳೆಯವರು, ಕೋಪ ಸ್ವಲ್ಪ ಜಾಸ್ತಿ. ಕೋರ್ಟಿನ ಎದುರಿನ ಹೋಟೆಲಲ್ಲಿ ಟೀ ಕುಡಿಸಿ ಅಪ್ಪನಿಗೆ ಪಾಠ ಹೇಳಿಕೊಟ್ರು. ಕಾರು ಯಾವ ಕಡೆಯಿಂದ ಬಂತು, ಹಾರನ್ ಮಾಡಿದ್ನಾ, ನೀನು ಎಲ್ಲಿ ನಿಂತಿದ್ದೆ, ಎಲ್ಲಾನೂ. ಅಪ್ಪ ಗಿಣಿ ಹಾಗೆ ಒಪ್ಪಿಸಿದ. ಒಳಗೂ ತಪ್ಪಲಿಲ್ಲ ಕಣೋ, ನಂಗೆ ಹೆಮ್ಮೆ ಆಯ್ತು. ಆಮೇಲೆ ಇನ್ಶೂರೆನ್ಸಿನವರ ಲಾಯರು ಎದ್ದ. ಬಿಳೀ ಕೂದಲು, ನಗುಮುಖ. ಗದರಿಸ್ತಾನೆ ಅಂತ ನಾವು ಉಸಿರು ಹಿಡ್ಕೊಂಡಿದ್ರೆ ಅವನು ನೆಂಟನ ಹಾಗೆ, ‘ಏನ್ ಯಜಮಾನ್ರೇ, ಚೆನ್ನಾಗಿದ್ದೀರಾ?’ ಅಂದ. ಅಪ್ಪ ಎಡಗೈಯಿಂದ ಬಲಗೈಯನ್ನ ಎತ್ತಿ ಜೋಡಿಸಿ ಮುಗಿದು, ‘ಚೆನ್ನಾಗಿವ್ನಿ ಸಾ, ನಿಮ್ ದಯ’ ಅಂದ. ‘ಕೈ ಹೆಂಗಿದೆ ಈಗ?’ ‘ವಾಸಿಯಾಗದೆ ಸಾ.’ ‘ಕೆಲಸ ಗಿಲಸ?’ ‘ಎಲ್ಲಾ ನಡೀತದೆ ಸಾ, ಏನೂ ತೊಂದ್ರೆ ಇಲ್ಲ.’ ಅಷ್ಟನ್ನೂ ಟೈಪು ಮಾಡಿಕೊಂಡ್ರು. ಪುಟ್ಟಬಸವಯ್ಯನವರು ತಲೆ ಮೇಲೆ ಕೈಯಿಟ್ಟುಕೊಂಡ್ರು.

ಜಗ್ಗ, ಅಪ್ಪನ್ನ ಬೈಯೋಕೂ ನಂಗೆ ಬಾಯಿ ಬರಲ್ಲ. ದೊಡ್ಡ ಮನುಷ್ಯರು ಯಾರಾದ್ರೂ ಕ್ಷೇಮ ಕೇಳಿದ್ರೆ ಇಲ್ಲ ಅನ್ನೋದು ಭಿಕ್ಷೆ ಕೇಳಿದ ಹಾಗೆ ಅಂತಲೇ ಬದುಕಿದೋನು ಅವನು. ತಾತ ಸತ್ತ ದಿನ ದಾರಿಯಲ್ಲಿ ಮೇಷ್ಟ್ರು ಕೇಳಿದಾಗಲೂ ಅದೇ ‘ಚೆನ್ನಾಗಿವ್ನಿ’ ಅಂದಿದ್ನಂತೆ. ವಾಪಸ್ ಬರ್ತಾ ಬಸ್ಸಿನಲ್ಲಿ ಏನಂದ ಗೊತ್ತಾ? ‘ಆವಪ್ಪ ಎದುರು ಪಾರ್ಟಿಯಾದ್ರೂ ನಾಕ್ ಜನದ ಮುಂದೆ ಕ್ಷೇಮ ಇಚಾರಿಸ್ದ ನೋಡವ್ವ, ಎಂಥ ಗುಣ!’ ಅಂದ. ಸುತ್ತೂರು ಬರೋ ತನಕ ನಾನು ಕಿಟಕಿ ಕಡೆಗೇ ಮುಖ ಮಾಡಿಕೊಂಡಿದ್ದೆ. ಆಮೇಲೆ ತಡೀಲಾರದೆ ಹೇಳಿಬಿಟ್ಟೆ, ಅಪ್ಪಾ, ಅವನು ಕ್ಷೇಮ ಕೇಳಿದ್ದಲ್ಲ, ಕೇಸು ಕೆಡಿಸಿದ್ದು ಅಂತ. ಅಪ್ಪ ಎಡಗೈಯಿಂದ ಬಲಗೈಯನ್ನ ಎತ್ತಿ ಟವೆಲಿನ ಕೆಳಗೆ ಮುಚ್ಚಿಟ್ಟುಕೊಂಡ.

ಮಾರನೇ ದಿನ ಬೆಳಿಗ್ಗೆ ಹೇಳದೆ ಕೇಳದೆ ಕೇಂದ್ರಕ್ಕೆ ಹೋಗಿ ತನ್ನ ಹಳೇ ಮಗ್ಗದ ಮುಂದೆ ಕೂತಿದ್ದಾನೆ. ಅವ್ವನೇ ನೋಡಿದ್ದು. ಬಲಗೈಯನ್ನ ಟವೆಲಿನಲ್ಲಿ ಲಾಳಿ ಎಳೆಯೋ ಹಿಡಿಗೆ ಕಟ್ಟಿಕೊಂಡು ಎಳೀತಿದ್ನಂತೆ. ಹೇಳಿದ ಮಾತು ಸುಳ್ಳಾಗಬಾರದು ಅಂತಲೋ ಏನೋ. ಲಾಳಿ ಅರ್ಧಕ್ಕೆ ನಿಂತು, ಎಳೆಗಳು ಪಟಪಟ ಕಿತ್ತು ಬಂದ್ವು. ನೂಲೋ ಹೆಂಗಸರೆಲ್ಲ ತಲೆ ತಗ್ಗಿಸಿ ನೂಲ್ತಾನೇ ಇದ್ರಂತೆ. ಅವ್ವ ಟವೆಲು ಬಿಚ್ಚಿ ಕರ್ಕೊಂಡು ಬಂದ್ಲು.

ಇನ್ನೂ ಒಂದು ದಾರಿ ಇದೆ ಅಂದಿದ್ದಾರೆ ಲಾಯರು. ಅಪ್ಪ ಸುತರಾಂ ಒಪ್ತಿಲ್ಲ. ಈಗ ಎದುರಿಗೇ ಗೋಡೆಗೆ ಒರಗಿ ಕೂತು ನಾನು ಬರೆಯೋದನ್ನೇ ನೋಡ್ತಿದ್ದಾನೆ, ಆ ವಿಷಯ ಹೇಗೆ ಬರೀಲಿ ಹೇಳು. ಅವ್ವ ಹುರಿಟ್ಟು ಮಾಡಿಟ್ಟಿದ್ದಾಳೆ, ಯಾರಾದ್ರೂ ಆ ಕಡೆ ಬರೋರಿದ್ರೆ ಕಳಿಸ್ತೀವಿ. ನಂಜುಂಡಪ್ಪ ನಿನ್ನನ್ನ ಚೆನ್ನಾಗಿಟ್ಟಿರಲಿ, ನಿಜವಾಗ್ಲೂ ಚೆನ್ನಾಗಿ.

ನಿನ್ನ ಅಕ್ಕ,
ಇಂದ್ರಾಣಿ

ಮರೆತ ಮಾತು: ಪೋಸ್ಟಾಫೀಸಿನ ಜಗಲಿ ಮೇಲೆ ಬರೀತಿದ್ದೀನಿ, ಟಪ್ಪಾಲು ಕಟ್ತಿದ್ದಾರೆ. ಆ ದಾರಿ ನೀನೇ ಕಣೋ. ರಜೆ ಪೂರ್ತಿ ಅಪ್ಪನಿಗೆ ತುತ್ತು ಕೊಟ್ಟೋನು, ನೀರು ಹುಯ್ದೋನು ನೀನು. ನೀನು ಕಟಕಟೆ ಹತ್ತಿ, ನಮ್ಮಪ್ಪನ ಕೈಲಿ ಏನೂ ಆಗಲ್ಲ ಅಂತ ಅವನ ಎದುರಿಗೇ ಹೇಳಬೇಕು. ‘ನನ್ ಮಗನ ಬಾಯಲ್ಲಿ ಆ ಮಾತು ಬ್ಯಾಡ’ ಅಂತ ಅಪ್ಪ ಅತ್ತ. ಅಪ್ಪ ಅತ್ತಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಮನೇಲಿ ಕಾಗದ ಮಡಚಿ ಕವರಿಗೆ ಹಾಕುವಾಗ, ‘ನಾನು ಚೆನ್ನಾಗಿವ್ನಿ ಅಂತ ಬರ್ದಾ ಅವ್ವ?’ ಅಂದ. ಹೂಂ ಅಂದೆ. ಬರೆದಿಲ್ಲ. ಮಾರ್ಚಿ ಹತ್ತಕ್ಕೆ ಕೇಸು, ರಜೆ ಹಾಕಿ ಬಾ. ಬಂದೋನು ಬಾಗಿಲಲ್ಲಿ ನಿಂತು, ಚೆನ್ನಾಗಿದ್ದೀಯಾ ಅಪ್ಪಾ ಅಂತ ಮಾತ್ರ ಕೇಳಬೇಡ.