ಕಾವಲುಗಾರ ಮತ್ತೆ ಬದುಕಿದ ಸಂಜೆ

ಚಿರಂಜೀವಿ ಮಗಳೇ,

ಈ ಪತ್ರವನ್ನು ನೀನು ಎಲ್ಲರೆದುರು ಓದಬೇಕೆಂಬುದು ನನ್ನ ಆಸೆ. ಆದ್ದರಿಂದ ಮೊದಲು, ಗ್ರಂಥಾಲಯದ ಮೇಲ್ಮಹಡಿಯಲ್ಲಿ ನೆರೆದ ಆಟಗಾರರಿಗೆ ನನ್ನ ನಮಸ್ಕಾರ. ನಮ್ಮ ಗದ್ದಲವನ್ನು ಇಷ್ಟು ವರ್ಷ ಸಹಿಸಿ ಕೋಣೆ ಕೊಟ್ಟ ಹಿರಿಯರಿಗೆ ಕೃತಜ್ಞತೆ. ಕ್ರೇನ್ ನಡೆಸುವ ನಮ್ಮ ಗುಡುಗಣ್ಣನ ಒಪ್ಪಿಗೆಯನ್ನೂ ಪಡೆದಿದ್ದೇನೆ. "ನನ್ನ ಕಥೇನಾ? ಹೇಳಿ ಮೇಷ್ಟ್ರೇ, ಸ್ವಲ್ಪ ಜೋರಾಗೇ ಹೇಳಿ" ಎಂದ.

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ ನಮ್ಮದು. ಕಥೆ ನಡೆಸುವ ಹೊಣೆ ನಿನ್ನದಾಗಿತ್ತು. ಮಾತು ಕಡಿಮೆಯ ದರ್ಜಿಯಕ್ಕ ರಕ್ತ ಹರಿಸದೆ ಕೋಟೆಯೊಳಗೆ ಹೋಗಲು ಮೂರು ವಾರ ಉಪಾಯ ಹೂಡಿ, ಒಂದು ಸಂಜೆ ಬಾಗಿಲ ಕಾವಲುಗಾರನೊಡನೆ ಮಾತಿಗಿಳಿದಿದ್ದಳಷ್ಟೆ. ಗುಡುಗಣ್ಣ ದಾಳ ಕಸಿದು, "ಮಾತು ಸಾಕು, ಕುತ್ತಿಗೆಗೇ ಕತ್ತಿ!" ಎಂದು ಉರುಳಿಸಿಬಿಟ್ಟ. ಕಾವಲುಗಾರ ಸತ್ತ. ಅವನು ಹೀಗೆ ಅಡ್ಡ ಬಂದದ್ದು ಅದು ಮೂರನೆಯ ಸಲ. ಅಕ್ಕ ತನ್ನ ಪಾತ್ರದ ವಿವರವಿದ್ದ ಕಾಗದ ಮಡಚಿಟ್ಟಳು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇನ್ನು ನಾನು ಬರಲ್ಲ, ಬಿಡಿ" ಎಂದಳು. ಅವಳು ಹೋದರೆ ಮೇಜಿನ ಗುಂಪೇ ಒಡೆಯುತ್ತದೆಂದು ನಿನಗೂ ಗೊತ್ತಿತ್ತು, ನನಗೂ.

ನೀನು ನನ್ನ ಸಲಹೆ ಕೇಳಿದೆ. ನಾನು ಕೊಟ್ಟದ್ದು ನನ್ನ ಹಳೆಯ ಮದ್ದು: ಕಥೆಯಲ್ಲೇ ಗುಡುಗಣ್ಣನ ಪಾತ್ರವಾದ ಯೋಧನ ತಲೆಯ ಮೇಲೆ ಚಾವಣಿ ಕುಸಿಯಲಿ! ನಾನು ಕಥೆ ನಡೆಸುತ್ತಿದ್ದಾಗ ಹೀಗೆ ಎಷ್ಟು ಪಾತ್ರಗಳನ್ನು ಕೊಂದಿದ್ದೇನೋ. ಆಟಗಾರರು ಇನ್ನೂ ಸಿಟ್ಟಿನ ಪಾತ್ರಗಳೊಡನೆ ಮರಳುತ್ತಿದ್ದರು. ನೀನಂದೆ: "ಮೇಷ್ಟ್ರೇ, ತಪ್ಪು ಯೋಧ ಮಾಡಿದ್ದಲ್ಲ, ಅಣ್ಣ ಮಾಡಿದ್ದು. ಅಣ್ಣನ ಹತ್ರಾನೇ ಮಾತಾಡ್ತೀನಿ."

ನೀವಿಬ್ಬರೂ ಮೆಟ್ಟಿಲ ಮೇಲೆ ಕುಳಿತಿದ್ದಿರಿ. ಕೆಳಗೆ ಪುಸ್ತಕ ಜೋಡಿಸುತ್ತಿದ್ದ ನನಗೆ ಕಿವಿ ಮುಚ್ಚಿಕೊಳ್ಳುವ ಸಭ್ಯತೆ ಇರಲಿಲ್ಲ.

"ನಾನೇನ್ ಮಾಡ್ಲಮ್ಮಾ? ನನ್ನ ಪಾತ್ರಾನೇ ಮುಂಗೋಪಿ."

"ಆ ಪಾತ್ರ ಬರೆದಿದ್ದು ಯಾರಣ್ಣಾ?"

ಗುಡುಗಣ್ಣನ ಸ್ವರ ಇಳಿಯಿತು. "ದಿನವಿಡೀ ಕ್ರೇನಿನ ಗೂಡಲ್ಲಿ ಒಬ್ನೇ ಕೂತಿರ್ತೀನಿ. ಇಲ್ಲಿ ನಾಲ್ಕು ಜನ ಸಿಕ್ಕಿದ ಮೇಲೆ ಬಾಯೂ ಸುಮ್ನಿರಲ್ಲ, ಕೈಯೂ ಸುಮ್ನಿರಲ್ಲ."

"ಹಾಗಾದ್ರೆ ಕೋಟೆಯ ನಕ್ಷೆ ನೀವೇ ಬಿಡಿಸಿ. ಆದ್ರೆ ಇನ್ನೊಬ್ಬರ ಮಾತು ಮುಗಿಯೋ ಮುಂಚೆ ದಾಳ ಮುಟ್ಟಿದ್ರೆ, ಆವತ್ತಿಗೆ ಮನೆಗೆ ಹೊರಡಬೇಕು. ನೀವು ಅಣ್ಣ ಅಂತ ಬಿಡಲ್ಲ."

ಅಷ್ಟಕ್ಕೇ ನಿಲ್ಲಿಸದೆ ದರ್ಜಿಯಂಗಡಿಗೂ ಹೋದೆಯಂತೆ. "ಮೊದಲ ಸಲವೇ ತಡೀಬೇಕಿತ್ತು ಅಕ್ಕಾ, ತಡೀದೇ ಇದ್ದದ್ದು ನನ್ನ ತಪ್ಪು" ಎಂದೆಯಂತೆ. ಕಥೆ ನಡೆಸಿದ ನನ್ನ ಮೂವತ್ತು ವರ್ಷಗಳಲ್ಲಿ ಆ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ಮುಂದಿನ ವಾರ ಅಕ್ಕ ಬಂದಳು. ಗುಡುಗಣ್ಣ ಎದ್ದು ನಿಂತು ತಾನಾಗಿಯೇ ಕ್ಷಮೆ ಕೇಳಿದ. ಎಲ್ಲರ ಒಪ್ಪಿಗೆಯಿಂದ ನೀನು ಕಥೆಯನ್ನು ಹಿಂದಕ್ಕೆ ಸರಿಸಿ ಕಾವಲುಗಾರನನ್ನು ಬದುಕಿಸಿದೆ. ಅಕ್ಕ ಕಾಲು ಗಂಟೆ ಮಾತಾಡಿದಳು. ಅಷ್ಟು ಹೊತ್ತೂ ಗುಡುಗಣ್ಣ ಎರಡೂ ಅಂಗೈಗಳ ಮೇಲೆ ಕುಳಿತಿದ್ದ! ಕೋಟೆಯ ಬಾಗಿಲು ತೆರೆದಾಗ ಎಲ್ಲರಿಗಿಂತ ಜೋರಾಗಿ ಕೂಗಿದವನೂ ಅವನೇ. ನನ್ನ ಕನ್ನಡಕ ಮಂಜಾಯಿತು, ಮಗಳೇ. ಕಲಿಸಿದವನಿಗಿಂತ ಕಲಿತವಳು ಮುಂದೆ ಹೋಗುವುದನ್ನು ನೋಡುವ ಭಾಗ್ಯ ಎಲ್ಲ ಮೇಷ್ಟ್ರಿಗೂ ಸಿಗುವುದಿಲ್ಲ.

ಇಂದಿನಿಂದ ಈ ಕೋಣೆಯ ಮೇಜುಗಳೆಲ್ಲ ನಿನ್ನ ಸುಪರ್ದಿಗೆ. ದಾಳ ಹಿಡಿದೇ ಗೊತ್ತಿಲ್ಲದ ಐವರು ನಿನ್ನೆದುರು ಕುಳಿತಿದ್ದಾರೆ. ಅವರಲ್ಲಿ ಮಾತು ಕಸಿಯುವವರೂ ಇರಬಹುದು, ಮಾತು ನುಂಗುವವರೂ ಇರಬಹುದು. ಇಬ್ಬರಿಗೂ ನಿನ್ನಲ್ಲಿ ಜಾಗವಿದೆ. ಓದಿದ್ದು ಸಾಕು, ಪತ್ರ ಮಡಚಿಡು. ಮೊದಲ ದೃಶ್ಯ ಹೇಳು, ಆಟ ಶುರುವಾಗಲಿ.

ನಿನ್ನ ಮೇಜು ಸದಾ ತುಂಬಿರಲಿ ಎಂದು ಹರಸುವ,
ನಿನ್ನ ಮೇಷ್ಟ್ರು